ಮಗಳಿಗೊಂದು ಪತ್ರ: ಯಾಕಿರ್ ಬಗ್ಗೆ

ಪುಟ್ಟಿ,

ಸ್ಟಾಲಿನ್ ತನ್ನ ಸೇನೆಯೋರನ್ನೇ ಯಾಕೆ ಕೊಲ್ಲಿಸ್ದ ಅಂತ ಕೇಳಿದ್ಯಲ್ಲ, ಫೋನಲ್ಲಿ ಸರಿಯಾಗಿ ಹೇಳೋಕಾಗ್ಲಿಲ್ಲ, ಅದಕ್ಕೇ ಬರೀತಿದೀನಿ. ಸೋವಿಯತ್ ಸೇನೇಲಿ ಇಯೋನಾ ಯಾಕಿರ್ ಅಂತ ಒಬ್ಬ ದೊಡ್ಡ ಕಮಾಂಡರ್ ಇದ್ದ. 1896ರಲ್ಲಿ ಕಿಶಿನೆವ್‌ನಲ್ಲಿ (ಈಗಿನ ಮಾಲ್ಡೋವಾ ದೇಶದ ರಾಜಧಾನಿ) ಹುಟ್ಟಿದ ಯಹೂದಿ ಹುಡುಗ, ಅಪ್ಪಂದು ಔಷಧಿ ಕೆಲಸ. ಜಾರ್, ಅಂದ್ರೆ ರಷ್ಯಾದ ಚಕ್ರವರ್ತಿ, ಕಾಲದಲ್ಲಿ ಯಹೂದಿ ಮಕ್ಕಳಿಗೆ ಕಾಲೇಜ್ ಸೀಟಿಗೆ ಕೋಟಾ ಹಾಕಿ ತಡೀತಿದ್ರು, ಇವ್ನು ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಗಿ ಕೆಮಿಸ್ಟ್ರಿ ಓದ್ದ. ಆಮೇಲೆ 1917ರ ರಷ್ಯಾ ಕ್ರಾಂತಿ ಬಂತು, ಓದು ಬಿಟ್ಟು ಕಮ್ಯುನಿಸ್ಟರ ಕೆಂಪು ಸೇನೆ ಸೇರ್ದ, 1919ರಲ್ಲಿ ಒಡೆಸ್ಸಾ ಕಡೆ ಶತ್ರುಗಳ ಮಧ್ಯೆ ಸಿಕ್ಕಾಕೊಂಡಿದ್ದ ಸೈನ್ಯಾನ ಸುಮಾರು 400 ಕಿಲೋಮೀಟರ್ ನಡೆಸ್ಕೊಂಡು ಝಿಟೊಮಿರ್ ಕಡೆ ತಮ್ಮೋರ ಹತ್ರ ತಂದು ಸೇರಿಸ್ದ. ಆಗಿನ್ನೂ 23 ವರ್ಷ ಕಣೆ! 1935ರಲ್ಲಿ ಕೀವ್ ಹತ್ರ ಯುದ್ಧಾಭ್ಯಾಸದಲ್ಲಿ ಇವನ ಸೈನ್ಯ ಸಾವಿರಕ್ಕೂ ಹೆಚ್ಚು ಜನರನ್ನ ಪ್ಯಾರಾಶೂಟಲ್ಲಿ ಇಳಿಸಿದ್ದನ್ನ ನೋಡಿ ಫ್ರಾನ್ಸ್, ಇಟಲಿಯ ಅಧಿಕಾರಿಗಳೂ ದಂಗಾಗಿದ್ರು.

1937ರ ಮೇ 28, ಮಾಸ್ಕೋಗೆ ಬಾ ಅಂತ ಕರೆ ಬಂತು, ರೈಲು ಹತ್ತಿದ. ಬ್ರ್ಯಾನ್ಸ್ಕ್‌ನಲ್ಲಿ ಇವನಿದ್ದ ಬೋಗಿ ಕಳಚಿ ಅರೆಸ್ಟ್ ಮಾಡಿದ್ರು. ಜರ್ಮನಿ ಜೊತೆ ಸೇರಿ ಪಿತೂರಿ ಅಂತ ಆರೋಪ, ಪೂರ್ತಿ ಸುಳ್ಳು. ಜೈಲಿಂದ ಸ್ಟಾಲಿನ್‌ಗೆ ಪತ್ರ ಬರ್ದ, ನಾನು ಪ್ರಾಮಾಣಿಕ, ನಿಮ್ಮ ಮೇಲೆ, ಪಾರ್ಟಿ ಮೇಲೆ ಪ್ರೀತಿ ಇಟ್ಕೊಂಡೇ ಸಾಯ್ತೀನಿ ಅಂತ. ಅದೇ ಹಾಳೆ ಮೇಲೆ ಸ್ಟಾಲಿನ್ ಬೈಗುಳ ಗೀಚ್ದ, ನೀಚ, ಸೂಳೆ ಅಂತ. ಅದರ ಕೆಳಗೆ ವರೋಷಿಲೋವ್, ಎಷ್ಟೋ ವರ್ಷ ಯಾಕಿರ್‌ಗೆ ಮೇಲಧಿಕಾರಿ ಆಗಿದ್ದೋನು, ಸರಿಯಾಗಿ ಹೇಳಿದೀರಿ ಅಂತ ಸೇರಿಸ್ದ. ನಂಗೆ ಗುಂಡಿಗಿಂತ ಈ ಕೈಬರಹನೇ ಜಾಸ್ತಿ ಭಯ ಹುಟ್ಸತ್ತೆ, ಯಾಕಂದ್ರೆ ಕೊಲ್ಲೋರಿಗೆ ಬರೀ ಒಂದು ಪ್ರಾಣ ಸಾಕಾಗಿರ್ಲಿಲ್ಲ, ಜೊತೆಲಿದ್ದೋರೆಲ್ಲ ಹೌದು ಹೌದು ಅಂತ ಸಹಿ ಹಾಕ್ಬೇಕಿತ್ತು.

ಜೂನ್ 11ಕ್ಕೆ ಮುಚ್ಚಿದ ಬಾಗಿಲ ಹಿಂದೆ ಒಂದೇ ದಿನದ ವಿಚಾರಣೆ. ಯಾಕಿರ್, ಮಾರ್ಷಲ್ ತುಖಚೆವ್ಸ್ಕಿ ಸೇರಿ ಎಂಟು ಸೇನಾಧಿಕಾರಿಗಳು, ಎಂಟೂ ಜನಕ್ಕೆ ಮರಣದಂಡನೆ. ತೀರ್ಪು ಕೊಡೋಕೆ ಕೂತಿದ್ದ ಸೇನಾಧಿಕಾರಿಗಳಾದ ಬ್ಲ್ಯೂಖರ್, ದಿಬೆಂಕೊ, ಅಲ್ಕ್ಸ್‌ನಿಸ್ ಕೂಡ ಮುಂದಿನ ವರ್ಷ, 1938ರಲ್ಲಿ, ಹೀಗೇ ಬಂಧನಕ್ಕೆ ಸಿಕ್ಕಿ ಸತ್ತೋದ್ರು.

ಯಾಕಿರ್ ಹೆಂಡ್ತಿ ಸಾರಾಗೂ ಕ್ಯಾಂಪ್ ಶಿಕ್ಷೆ, ಅಂದ್ರೆ ಕೈದಿಗಳನ್ನ ಬಲವಂತವಾಗಿ ದುಡಿಸ್ಕೊಳ್ಳೋ ಶಿಬಿರ. ಮಗ ಪ್ಯೋತ್ರ್‌ಗೆ 14 ವರ್ಷ, ಅವನನ್ನೂ ಬಿಡ್ಲಿಲ್ಲ, ಹೈಸ್ಕೂಲ್ ಮಗು ಪುಟ್ಟಿ, ಎಷ್ಟೋ ವರ್ಷ ಕ್ಯಾಂಪಲ್ಲೇ ಬೆಳೀತು. 1957ರಲ್ಲಿ ಯಾಕಿರ್ ನಿರ್ದೋಷಿ ಅಂತ ಸರ್ಕಾರ ಒಪ್ಕೊಂಡ್ತು. ಪ್ಯೋತ್ರ್ ಸುಮ್ನೆ ಕೂರದೆ ಸ್ಟಾಲಿನ್ ಕಾಲದ ಅನ್ಯಾಯಗಳ ಬಗ್ಗೆ ಮಾತಾಡ್ತಿದ್ದ, 1972ರಲ್ಲಿ ಮತ್ತೆ ಹಿಡಿದ್ರು, ಈ ಸಲ ಅವನೂ ಸೋತು ತಪ್ಪೊಪ್ಕೊಂಡ. ಅವನನ್ನ ದೂರೋಕೆ ನಂಗೆ ಮನಸ್ಸು ಬರಲ್ಲ. ಅವನ ಮಗಳು ಇರೀನಾ, ಬಂಧನಗಳ ಸುದ್ದಿ ದಾಖಲಿಸ್ತಿದ್ದ ಗುಪ್ತ ಪತ್ರಿಕೆಗೆ ದುಡಿದೋಳು. ನೀನು ರಜಕ್ಕೆ ಬಂದಾಗ ಇವಳ ಬಗ್ಗೆ ಇನ್ನೂ ಹೇಳ್ತೀನಿ.

ಅಮ್ಮ