ವಿಜ್ಞಾನ ಮ್ಯೂಸಿಯಂನಲ್ಲಿ ನಮ್ಮೂರ ಮಳೆ ಲೆಕ್ಕಾನೂ ಇರಲಿ

ಸಂಪಾದಕರೇ,

ನವೆಂಬರ್ ಡಿಸೆಂಬರ್ ಬಂತು ಅಂದ್ರೆ ನಮ್ಮ ಮಲೆನಾಡಿನ ಹೈಸ್ಕೂಲುಗಳಿಂದ ಬೆಂಗಳೂರಿಗೆ ಟೂರ್ ಬಸ್ ಹೊರಡುತ್ತೆ, ಲಾಲ್‌ಬಾಗ್, ವಿಧಾನಸೌಧ ಆದ್ಮೇಲೆ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಗ್ಯಾರಂಟಿ. ಅರವತ್ತರ ದಶಕದಿಂದ ಎಷ್ಟು ಮಕ್ಕಳು ಅಲ್ಲಿ ಎಂಜಿನ್ನು, ಕರೆಂಟು ಎಲ್ಲಾ ಮುಟ್ಟಿ ನೋಡಿ ಕಲಿತಿದ್ದಾರೋ. ಹವಾಮಾನ ಬದಲಾವಣೆನೂ ಹಾಗೇ ಮುಟ್ಟಿ ನೋಡಿ ಕಲಿಯೋ ಹಾಗಾಗ್ಬೇಕು. ಅದಕ್ಕೆ ನಮ್ಮ ರಾಜ್ಯದ್ದೇ ಲೆಕ್ಕ ಇಟ್ಕೊಂಡು ಕನ್ನಡದಲ್ಲಿ ವಿವರಿಸೋ ಕಾಯಂ ಗ್ಯಾಲರಿಗಳು ಬೇಕು, ಬೆಂಗಳೂರಲ್ಲಿ ಮಾತ್ರ ಅಲ್ಲ, ಮಂಗಳೂರಿನ ಪಿಲಿಕುಳ, ಧಾರವಾಡ, ಕಲಬುರಗಿ ವಿಜ್ಞಾನ ಕೇಂದ್ರಗಳಲ್ಲೂ ಬೇಕು ಅಂತ ಕೇಳ್ಕೊಳ್ಳೋಕೆ ಈ ಪತ್ರ.

ಕ್ಲಾಸಲ್ಲಿ ಈ ವಿಷಯ ಎತ್ತಿದ್ರೆ ಮಕ್ಕಳು ಮೊದಲು ಹೇಳೋದು ಹಿಮಕರಡಿ, ಆಮೇಲೆ ಓಝೋನ್ ತೂತು. ಓಝೋನ್ ತೂತಿಂದ ಬಿಸಿಲು ಜಾಸ್ತಿ ಒಳಗೆ ಬಂದು ಭೂಮಿ ಕಾಯುತ್ತೆ ಅಂತ ಹತ್ತನೇ ಕ್ಲಾಸಿನವರೂ ಬರೀತಾರೆ. ಅದು ಬೇರೆ, ಇದು ಬೇರೆ, ಕಾರ್ಬನ್ ಡೈಆಕ್ಸೈಡ್ ಬೆಳಕನ್ನ ಬಿಡುತ್ತೆ ಆದ್ರೆ ನೆಲದಿಂದ ವಾಪಸ್ ಹೋಗೋ ಶಾಖವನ್ನ ಹೀರ್ಕೊಳ್ಳುತ್ತೆ ಅಂತ ಬೋರ್ಡ್ ಮೇಲೆ ಬಾಣ ಬರೆದು ಹೇಳಿದ್ರೆ ತಲೆ ಆಡಿಸ್ತಾರೆ ಅಷ್ಟೇ, ನಂಬಿಕೆ ಬರಲ್ಲ. ಇದನ್ನ ಕಣ್ಣಿಗೇ ಕಾಣಿಸೋ ಪ್ರಯೋಗ ಇದೆ. ಒಂದು ಉದ್ದ ಕೊಳವೆ, ಆ ಕಡೆ ಉರಿಯೋ ಮೇಣದಬತ್ತಿ, ಈ ಕಡೆ ಶಾಖವನ್ನ ಹಿಡಿಯೋ ವಿಶೇಷವಾದ ಇನ್‌ಫ್ರಾರೆಡ್ ಕ್ಯಾಮೆರಾ. ಕೊಳವೆಗೆ ಕಾರ್ಬನ್ ಡೈಆಕ್ಸೈಡ್ ಬಿಡ್ತಾ ಹೋದ್ರೆ ಕ್ಯಾಮೆರಾ ಸ್ಕ್ರೀನಲ್ಲಿ ಜ್ವಾಲೆ ಮಂಕಾಗ್ತಾ ಹೋಗುತ್ತೆ, ಬರಿಗಣ್ಣಿಗೆ ಮಾತ್ರ ಬತ್ತಿ ಚೆನ್ನಾಗೇ ಉರೀತಿರುತ್ತೆ. ಆ ಕ್ಯಾಮೆರಾ ಯಾವ ಸರ್ಕಾರಿ ಸ್ಕೂಲೂ ಕೊಳ್ಳೋಕಾಗಲ್ಲ, ಅದಕ್ಕೇ ತಾನೇ ಮ್ಯೂಸಿಯಂ ಇರೋದು. ಪಕ್ಕದಲ್ಲೇ ಅಮೆರಿಕದ ಯೂನಿಸ್ ಫೂಟ್ ಬಗ್ಗೆ ಒಂದು ಫಲಕ ಇರಲಿ, 1856ರಲ್ಲೇ ಈ ಅನಿಲ ತುಂಬಿದ ಗಾಜಿನ ಕೊಳವೆ ಬಿಸಿಲಲ್ಲಿ ಹೆಚ್ಚು ಕಾಯುತ್ತೆ ಅಂತ ತೋರಿಸಿದ್ದು ಒಬ್ಬ ಹೆಣ್ಣುಮಗಳು ಅಂತ ನಮ್ಮ ಹುಡುಗೀರಿಗೆ ಗೊತ್ತಾಗ್ಲಿ.

ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದಲ್ಲಿ 1958ರಲ್ಲಿ ಅಳತೆ ಶುರು ಮಾಡಿದಾಗ ಗಾಳಿಯಲ್ಲಿ ಈ ಅನಿಲ ಹತ್ತು ಲಕ್ಷಕ್ಕೆ ಸುಮಾರು 315 ಭಾಗ ಇತ್ತು, ಈಗ 420 ದಾಟಿದೆ. ಈ ಗ್ರಾಫ್ ಇರ್ಲೇಬೇಕು. ಆದ್ರೆ ಅದರ ಪಕ್ಕದಲ್ಲಿ ನಮ್ಮ ಮಳೆಯ ಗ್ರಾಫೂ ಇರ್ಬೇಕು ಅನ್ನೋದೇ ನನ್ನ ಮುಖ್ಯ ಮಾತು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ 1988ರಲ್ಲಿ ಬರ ನೋಡ್ಕೊಳ್ಳೋ ಘಟಕ ಅಂತ ಶುರುವಾಗಿದ್ದು, ಈಗ ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ. ಮಗು ತನ್ನ ಪಂಚಾಯ್ತಿ ಹೆಸರು ಒತ್ತಿದ್ರೆ ಮೃಗಶಿರ, ಆರಿದ್ರಾ, ಆಶ್ಲೇಷ ಅಂತ ಮಳೆ ನಕ್ಷತ್ರದ ಪ್ರಕಾರ ವರ್ಷ ವರ್ಷದ ಲೆಕ್ಕ ಬರೋ ಹಾಗೆ ಮಾಡಿದ್ರೆ ಮನೆಗೆ ಹೋಗಿ ಅಜ್ಜನ ಹತ್ರ ಚರ್ಚೆ ಮಾಡುತ್ತೆ. ಕಲಬುರಗಿ ಕೇಂದ್ರದಲ್ಲಿ ಬಿಸಿಲಿನ ಕಥೆನೇ ಹೇಳ್ಬಹುದು, ಅಲ್ಲಿ ಏಪ್ರಿಲ್ ಮೇನಲ್ಲಿ ಸರ್ಕಾರಿ ಆಫೀಸುಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗ್ತವೆ. ಪಿಲಿಕುಳದಲ್ಲಿ ಕಡಲು.

ಹಾಗಂತ ಎಲ್ಲದಕ್ಕೂ ಹವಾಮಾನವನ್ನೇ ಬೈಯೋದೂ ಬೇಡ. ಗಾಳಿ ಒಂದು ಡಿಗ್ರಿ ಬಿಸಿಯಾದ್ರೆ ಸುಮಾರು 7 ಪರ್ಸೆಂಟ್ ಜಾಸ್ತಿ ನೀರಾವಿ ಹಿಡಿಯುತ್ತೆ, ಹಾಗಾಗಿ ಸುರಿದ್ರೆ ಒಟ್ಟಿಗೇ ಸುರಿಯೋ ಸಾಧ್ಯತೆ ಹೆಚ್ಚು, ನಿಜ. ಆದ್ರೆ 2018ರಲ್ಲಿ ಕೊಡಗಿನ ಗುಡ್ಡ ಕುಸಿದಾಗ ಗುಡ್ಡ ಕಡಿದು ರಸ್ತೆ, ಮನೆ ಮಾಡಿದ್ದರದ್ದೂ ಪಾಲಿತ್ತು, ಬೆಂಗಳೂರಲ್ಲಿ ನೀರು ನುಗ್ಗೋಕೆ ರಾಜಕಾಲುವೆ ಒತ್ತುವರಿನೂ ಕಾರಣ. 2023ರಲ್ಲಿ 236 ತಾಲ್ಲೂಕಲ್ಲಿ 223 ಬರ ಅಂತ ಘೋಷಣೆ ಆಯ್ತಲ್ಲ, ಅದರಲ್ಲಿ ಪೆಸಿಫಿಕ್ ಸಾಗರ ಬಿಸಿಯಾಗೋ ಎಲ್ ನಿನೋ ಕೈವಾಡ ಎಷ್ಟು, ಅಂತರ್ಜಲ ಬಗೆದು ತೆಗೆದಿದ್ದು ಎಷ್ಟು ಅಂತ ಬಿಡಿಸಿ ತೋರಿಸ್ಬೇಕು. ಮಕ್ಕಳಿಗೆ ಅರ್ಧ ಸತ್ಯ ಹೇಳಿದ್ರೆ ಮುಂದೆ ಒಂದು ವಾಟ್ಸಾಪ್ ಮೆಸೇಜ್ ಬಂದಾಗ ಪೂರ್ತಿ ಸುಳ್ಳು ಅಂತ ಬಿಟ್ಟುಬಿಡ್ತಾರೆ.

ಹಿಂದೆ 2015ರಲ್ಲಿ ಸೈನ್ಸ್ ಎಕ್ಸ್‌ಪ್ರೆಸ್ ಅಂತ 16 ಬೋಗಿಯ ರೈಲನ್ನ ಪೂರ್ತಿ ಈ ವಿಷಯಕ್ಕೇ ಓಡಿಸಿದ್ರು. ಬೆಂಗಳೂರಿನ ಸೈನ್ಸ್ ಗ್ಯಾಲರಿ 2024ರಲ್ಲಿ ಹೊಸ ಕಟ್ಟಡ ತೆರೆದಾಗ ಇಂಗಾಲದ ಮೇಲೇ ಪ್ರದರ್ಶನ ಇಟ್ಟಿತ್ತು. ಎರಡೂ ಒಳ್ಳೆ ಕೆಲಸ, ಆದ್ರೆ ಇಂಥವು ಸ್ವಲ್ಪ ದಿನ ಇದ್ದು ಹೋಗ್ತವೆ, ಮುಂದಿನ ವರ್ಷ ಟೂರಿಗೆ ಬರೋ ಬ್ಯಾಚಿಗೆ ಸಿಗಲ್ಲ. ಮತ್ತೆ ಫಲಕ ಎಷ್ಟೇ ಚೆನ್ನಾಗಿದ್ರೂ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳೋ, ಪ್ರಶ್ನೆ ಕೇಳಿದ್ರೆ ಸಿಡುಕದೆ ಉತ್ತರ ಕೊಡೋ ಗೈಡ್ ಬೇಕು. ಡಿಗ್ರಿ, ಎಂಎಸ್ಸಿ ಓದಿದ ಎಷ್ಟೋ ಹುಡುಗರು ಕೆಲಸ ಹುಡುಕ್ತಾ ಇದ್ದಾರೆ, ಅವರಿಗೆ ಟ್ರೈನಿಂಗ್ ಕೊಟ್ಟು ಸಂಬಳಕ್ಕೆ ತಗೊಳ್ಳಲಿ.

ಇನ್ನೊಂದು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟದ ಮನೆಗಳಲ್ಲಿ ದಿನಾ ಬಿದ್ದ ಮಳೆಯನ್ನ ಇಂಚು, ಸೆಂಟು (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆದಿಡೋ ರೂಢಿ ತಲೆಮಾರುಗಳಿಂದ ಇದೆ. ಕಾಫಿ ಹೂ ಅರಳಿಸೋ ಹೂಮಳೆ ಯಾವ ವರ್ಷ ಯಾವತ್ತು ಬಂತು ಅಂತ ಅದರಲ್ಲಿ ಸಿಗುತ್ತೆ. ಮ್ಯೂಸಿಯಂನವರು ಯಾರಾದ್ರೂ ಬಂದು ಆ ಪುಸ್ತಕಗಳನ್ನ ಸ್ಕ್ಯಾನ್ ಮಾಡ್ಕೊಂಡು ಹೋಗ್ಲಿ, ಬಹಳ ಮನೆಗಳಲ್ಲಿ ಈಗಾಗಲೇ ಗೆದ್ದಲು ಹಿಡೀತಿದೆ. ನಮ್ಮ ತಾಲ್ಲೂಕಲ್ಲಾದ್ರೆ ಜೊತೆಗೆ ಬಂದು ಮನೆ ತೋರಿಸೋಕೆ ನಾನೂ ನನ್ನ ಮಕ್ಕಳೂ ತಯಾರಿದ್ದೀವಿ.

– ಒಬ್ಬ ಹೈಸ್ಕೂಲ್ ವಿಜ್ಞಾನ ಶಿಕ್ಷಕ, ಮೂಡಿಗೆರೆ