ಮಗಳಿಗೊಂದು ಪತ್ರ: ಆ 5,000 ಇನ್ನೂ ಹಾಕಬೇಡ

ಪ್ರೀತಿಯ ಮಗಳೇ,

ನಿನ್ನೆ ರಾತ್ರಿ ನೀನು ಕಳಿಸಿದ ಮನೆಯ ಫೋಟೋಗಳನ್ನು ಬೆಳಿಗ್ಗೆ ಎದ್ದು ಮತ್ತೊಮ್ಮೆ ನೋಡಿದೆ. ವಿಜಯನಗರ, ಮೆಟ್ರೋಗೆ ಐದು ನಿಮಿಷ, ಬಾಡಿಗೆ 11,000, ಅಡ್ವಾನ್ಸ್ ಬರೀ ಎರಡು ತಿಂಗಳದ್ದು. ಓನರ್ ಮಿಲಿಟರಿಯಲ್ಲಿದ್ದಾರೆ, ಜಮ್ಮುವಿಗೆ ವರ್ಗ ಆಗಿದೆ, ಮನೆ ತೋರಿಸಲು ಬರಲಾಗುವುದಿಲ್ಲ, ಗೇಟ್ ಪಾಸ್‌ಗೆ 5,000 ಹಾಕಿದರೆ ಸೆಕ್ಯುರಿಟಿಯವರು ಕೀಲಿ ಕೊಡುತ್ತಾರೆ, ಮನೆ ಹಿಡಿಸದಿದ್ದರೆ ಅದೂ ವಾಪಸ್. ಇದಿಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ. "ಇನ್ನೂ ಮೂರು ಜನ ಕೇಳ್ತಿದ್ದಾರಂತೆ ಅಮ್ಮಾ, ನಾಳೆ ಸಂಜೆಯೊಳಗೆ ಹಾಕ್ಬೇಕಂತೆ" ಅಂದೆ. ನಾನು ಬೇಡ ಅಂದೆ. ನೀನು ಸಿಟ್ಟು ಮಾಡಿಕೊಂಡು ಫೋನ್ ಇಟ್ಟೆ. ಯಾಕೆ ಬೇಡ ಅನ್ನುವುದನ್ನು ಫೋನಿನಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಟ್ಟದ ಮೇಲಿರುವ ಅಜ್ಜನ ಬೀಟೆ ಮಂಚ ನೆನಪಿದೆಯಾ? ನೀನು ಎರಡನೇ ಪಿಯುಸಿಯಲ್ಲಿದ್ದಾಗ ಅದನ್ನು ಮಾರುತ್ತೇನೆ ಅಂದಿದ್ದೆ, ಆಮೇಲೆ ಮಾರಲಿಲ್ಲ. ಯಾಕಮ್ಮ ಅಂತ ನೀನು ಕೇಳಿದಾಗ ಗಿರಾಕಿ ಸಿಗಲಿಲ್ಲ ಅಂದುಬಿಟ್ಟೆ. ಸಿಕ್ಕಿದ್ದ. ಫೋನಿನಲ್ಲಿ ಜಾಹೀರಾತು ಹಾಕಿದ ಅರ್ಧ ಗಂಟೆಗೇ ಸಿಕ್ಕಿದ್ದ. ಅವನೂ ಮಿಲಿಟರಿಯವನೇ. ಸಮವಸ್ತ್ರದ ಫೋಟೋ, ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡ್ ಎಲ್ಲ ಕಳಿಸಿದ. ಬೆಲೆಯಲ್ಲಿ ಒಂದು ರೂಪಾಯಿ ಚೌಕಾಸಿ ಮಾಡಲಿಲ್ಲ. ಮಂಚವನ್ನು ಬಂದು ನೋಡಲೂ ಇಲ್ಲ. ಹಳೇ ಸಾಮಾನು ಕೊಳ್ಳುವವರು ಯಾರಾದರೂ ಹಾಗೆ ಕೊಳ್ಳುತ್ತಾರಾ? ಆ ಪ್ರಶ್ನೆ ಅವತ್ತು ನನಗೆ ಬರಲೇ ಇಲ್ಲ.

ನಂಬಿಕೆಗೆ ಅಂತ ಮೊದಲು ಹತ್ತು ರೂಪಾಯಿ ಹಾಕಿದ, ಬಂತು. ಆಮೇಲೆ ಒಂದು ಕ್ಯೂಆರ್ ಕೋಡ್ ಕಳಿಸಿ, "ಮಾತಾಜಿ, ಇದನ್ನು ಸ್ಕ್ಯಾನ್ ಮಾಡಿ, 9,500 ನಿಮ್ಮ ಖಾತೆಗೆ ಬೀಳುತ್ತೆ" ಅಂದ. ನಾನು ದೋಸೆ ಹಿಟ್ಟು ಕಲಸುತ್ತಿದ್ದೆ. ಕೈಯನ್ನು ಸೆರಗಿಗೆ ಒರೆಸಿಕೊಂಡು, ಅದನ್ನು ಪಕ್ಕದ ಮನೆಯವರ ಫೋನಿಗೆ ಕಳಿಸಿ, ಅದರ ಪರದೆಯಿಂದ ನನ್ನ ಫೋನಿನಲ್ಲಿ ಸ್ಕ್ಯಾನ್ ಮಾಡಿದೆ. ಅವನು ಲೈನಿನಲ್ಲೇ ಇದ್ದ, ಒಂದು ಕ್ಷಣವೂ ಮಾತು ನಿಲ್ಲಿಸಲಿಲ್ಲ. ಪಿನ್ ಒತ್ತಿ ಅಂದ, ಒತ್ತಿದೆ. ಹಣ ಹೋಯಿತು. "ಅಯ್ಯೋ, ಸರ್ವರ್ ತೊಂದರೆ, ಇನ್ನೊಮ್ಮೆ ಮಾಡಿ, ಎರಡೂ ಒಟ್ಟಿಗೆ ವಾಪಸ್ ಬರುತ್ತೆ" ಅಂದ. ಇನ್ನೊಮ್ಮೆ ಮಾಡಿದೆ. 19,000. ನಿನ್ನ ಕಾಲೇಜು ಸೇರಿಸಲು ಎತ್ತಿಟ್ಟಿದ್ದ ದುಡ್ಡು.

ಇಷ್ಟಕ್ಕೇ ನಿಂತಿದ್ದರೆ ನಾನು ನಿನಗೆ ಎಂದೋ ಹೇಳಿರುತ್ತಿದ್ದೆ. ನಾನು ಮಾಡಿದ ದೊಡ್ಡ ತಪ್ಪು ಅದಲ್ಲ. ನಾಲ್ಕು ದಿನ ಯಾರಿಗೂ ಹೇಳದೆ ಕೂತೆ. ಅಪ್ಪ ಏನನ್ನುತ್ತಾರೋ, ಓದಿದವಳು ಅನ್ನಿಸಿಕೊಂಡು ಹೀಗೆ ಮಾಡಿದೆನಲ್ಲ ಅನ್ನುವ ನಾಚಿಕೆ. ಐದನೇ ದಿನ ಹೇಳಿದಾಗ ಅಪ್ಪ ಬೈಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ನನ್ನನ್ನು ಬ್ಯಾಂಕಿಗೆ ಕರೆದುಕೊಂಡು ಹೋದರು. ದುಡ್ಡು ನಾನು ಪಿನ್ ಒತ್ತಿದ ದಿನ ರಾತ್ರಿಯೇ ಬೇರೆ ರಾಜ್ಯದ ಎಟಿಎಂನಿಂದ ಹೊರಗೆ ಹೋಗಿಯಾಗಿತ್ತು. ಒಂದು ಗಂಟೆಯೊಳಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದರೆ ಉಳಿಯುವ ಸಾಧ್ಯತೆ ಇತ್ತು ಅಂತ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಯಲ್ಲಿ ಹೇಳಿದರು. ಆ ಸಂಖ್ಯೆ ಆಗಲೂ ಇತ್ತು. ನನಗೆ ಗೊತ್ತಿರಲಿಲ್ಲ.

ಅದು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದುಕೋ. ನೀನು 1930ಕ್ಕೆ ಹೇಳಿದ ಕೂಡಲೇ ದೂರು ದುಡ್ಡು ಹೋಗಿರುವ ಬ್ಯಾಂಕಿಗೆ ತಲುಪುತ್ತದೆ. ಹಣ ಇನ್ನೂ ಆ ಖಾತೆಯಲ್ಲಿದ್ದರೆ ಅಲ್ಲೇ ತಡೆಹಿಡಿಯುತ್ತಾರೆ. ಮುಂದಿನ ಖಾತೆಗೆ ದಾಟಿದ್ದರೆ ದೂರು ಅದರ ಹಿಂದೆಯೇ ಮುಂದಿನ ಬ್ಯಾಂಕಿಗೆ ಹೋಗುತ್ತದೆ. ಒಮ್ಮೆ ನೋಟಾಗಿ ಎಟಿಎಂನಿಂದ ಹೊರಬಿತ್ತೋ, ಕತೆ ಮುಗಿಯಿತು. ಪೊಲೀಸರು ಗೋಲ್ಡನ್ ಅವರ್ ಅನ್ನುವುದು ಇದಕ್ಕೇ. ಫೋನ್ ಮಾಡುವಾಗ ನಿನ್ನ ಬ್ಯಾಂಕಿನ ಹೆಸರು, ಮೊತ್ತ, ಸಮಯ, ಹಣ ಕಳಿಸಿದಾಗ ಆಪ್‌ನಲ್ಲಿ ಬರುವ 12 ಅಂಕಿಗಳ ಯುಟಿಆರ್ (ವಹಿವಾಟಿನ ಗುರುತು) ಸಂಖ್ಯೆ ಕೈಯಲ್ಲಿರಲಿ. ಲೈನ್ ಸಿಗದಿದ್ದರೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ದೂರು ಬರೆ. ಬ್ಯಾಂಕಿಗೂ ತಿಳಿಸು, ಆದರೆ ಸಂಖ್ಯೆಯನ್ನು ಗೂಗಲ್‌ನಲ್ಲಿ ಹುಡುಕಬೇಡ. ಅಲ್ಲಿ ಕಸ್ಟಮರ್ ಕೇರ್ ಅಂತ ಕಳ್ಳರೇ ತಮ್ಮ ನಂಬರ್ ಹಾಕಿರುತ್ತಾರೆ. ಎಟಿಎಂ ಕಾರ್ಡಿನ ಹಿಂದೆ ಅಚ್ಚಾಗಿರುವುದನ್ನೇ ನೋಡು.

ನಾವೇ ಪಿನ್ ಒತ್ತಿ ಕಳಿಸಿದ್ದಕ್ಕೆ ಬ್ಯಾಂಕ್ ಜವಾಬ್ದಾರಿ ಹೊರುವುದು ಕಷ್ಟ. 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತ್ತು. ಅದರ ಪ್ರಕಾರ, ನಮ್ಮ ತಪ್ಪೂ ಇಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರ ಕೈವಾಡದಿಂದ ಹಣ ಹೋಗಿದ್ದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟ ತಟ್ಟುವುದಿಲ್ಲ. ಆದರೆ ಗುಟ್ಟಿನ ಸಂಖ್ಯೆಯನ್ನು ನಾವೇ ಬಿಟ್ಟುಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದೇ. ಹಾಗಾಗಿ ಪಿನ್ ಒತ್ತುವ ಆ ಒಂದು ಕ್ಷಣವೇ ಎಲ್ಲ. ಬರುವ ದುಡ್ಡಿಗೆ ಪಿನ್ ಬೇಡ, ಸ್ಕ್ಯಾನೂ ಬೇಡ. ಪಿನ್ ಕೇಳಿತು ಅಂದರೆ ನಿನ್ನ ಖಾತೆಯಿಂದ ಹೋಗುತ್ತಿದೆ ಅಂತಲೇ ಅರ್ಥ.

ಈಗ ನಿನ್ನ ವಿಜಯನಗರದ ಮನೆ. ಬೆಂಗಳೂರಿನಲ್ಲಿ ಐದಾರು ತಿಂಗಳಿಂದ ಹತ್ತು ತಿಂಗಳವರೆಗೆ ಅಡ್ವಾನ್ಸ್ ಕೇಳುವವರ ನಡುವೆ ಈತ ಎರಡೇ ತಿಂಗಳು ಸಾಕು ಅನ್ನುತ್ತಾನೆ. ಮನೆ ನೋಡುವುದಕ್ಕೇ ದುಡ್ಡು ಕೇಳುತ್ತಾನೆ. ಆ ಫೋಟೋಗಳು ಯಾರದೋ ಜಾಹೀರಾತಿನಿಂದ ಎತ್ತಿದವು ಇರಬಹುದು. ನಿಜವಾದ ಸೈನಿಕರ ಮೇಲೆ ನಮಗಿರುವ ಗೌರವವನ್ನೇ ಇವರು ಬಂಡವಾಳ ಮಾಡಿಕೊಂಡಿದ್ದಾರೆ, ನನಗೆ ಹೆಚ್ಚು ಸಂಕಟವಾಗುವುದು ಅದಕ್ಕೆ.

ಒಂದು ಕೆಲಸ ಮಾಡು. ಅವನು ಕೊಟ್ಟ ನಂಬರ್ ಹಾಕಿ, ಹಣ ಕಳಿಸದೆ, ಮೇಲೆ ಬರುವ ಹೆಸರನ್ನು ಮಾತ್ರ ನೋಡು. 2025ರ ಜೂನ್ 30ರಿಂದ ಯುಪಿಐ ಆಪ್‌ಗಳು ಬ್ಯಾಂಕಿನ ದಾಖಲೆಯಲ್ಲಿರುವ ಹೆಸರನ್ನೇ ತೋರಿಸಬೇಕು, ನಾವು ಬರೆದುಕೊಂಡ ಹೆಸರನ್ನಲ್ಲ. ಓನರ್ ಹೇಳಿದ ಹೆಸರೇ ಬೇರೆ, ಅಲ್ಲಿ ಕಾಣುವುದೇ ಬೇರೆ ಆಗಿದ್ದರೆ ಅಲ್ಲಿಗೇ ಬಿಡು. "ಅದು ನಮ್ಮ ಅಕೌಂಟೆಂಟ್ ಖಾತೆ" ಅಂತ ಏನಾದರೊಂದು ಹೇಳುತ್ತಾನೆ. ಬಾಡಿಗೆಗೆ ಪಡೆದ ಖಾತೆಗಳಲ್ಲೇ ಇವರ ವ್ಯವಹಾರ ನಡೆಯುವುದು. ಹೆಸರು ಸರಿಹೊಂದಿದರೂ ಅದೊಂದನ್ನೇ ನಂಬಬೇಡ. ಮನೆ ಕಣ್ಣಾರೆ ನೋಡುವ ತನಕ ಒಂದು ರೂಪಾಯಿಯೂ ಬೇಡ.

ಒಂದು ವೇಳೆ ನಾನು ಬೇಡ ಅಂದ ಮೇಲೂ ನೀನು ಆಗಲೇ ಹಾಕಿಬಿಟ್ಟಿದ್ದರೆ, ಈ ಪತ್ರ ಓದುವುದನ್ನು ಇಲ್ಲಿಗೇ ನಿಲ್ಲಿಸಿ 1930ಕ್ಕೆ ಫೋನ್ ಮಾಡು. ಆಮೇಲೆ ನನಗೆ. ನಡುರಾತ್ರಿಯಾದರೂ ಸರಿ. ನಾನು ಬೈಯುವುದಿಲ್ಲ, ಅಪ್ಪನೂ ಬೈಯುವುದಿಲ್ಲ. ನಾಲ್ಕು ದಿನ ನಾನು ಅನ್ನ ಸೇರದೆ ಒದ್ದಾಡಿದ ಹಾಗೆ ನೀನು ಆ ಪಿಜಿ ರೂಮಿನಲ್ಲಿ ಒಬ್ಬಳೇ ಒದ್ದಾಡುವುದು ನನ್ನಿಂದ ಆಗದು.

ಶುಕ್ರವಾರ ರಾತ್ರಿಯ ರೈಲಿಗೆ ಟಿಕೆಟ್ ಮಾಡಿಸಿದ್ದೇನೆ. ಶನಿವಾರ ಇಬ್ಬರೂ ವಿಜಯನಗರದ ಅಡ್ಡರಸ್ತೆಗಳಲ್ಲಿ ನಡೆದು ಟು ಲೆಟ್ ಬೋರ್ಡ್ ಹುಡುಕೋಣ. ಬಾಗಿಲು ತೆಗೆಸಿ ಒಳಗೆ ಹೋಗಿ, ನಲ್ಲಿ ತಿರುಗಿಸಿ ನೀರು ಬರುತ್ತದಾ ನೋಡೋಣ. ಹಿಡಿಸಿದರೆ ಓನರ್ ಹತ್ತಿರ ಕಂದಾಯದ ರಸೀದಿ ಕೇಳಿ ಹೆಸರು ಓದೋಣ. ಆಮೇಲೆ ನೀನೇ ಕಳಿಸು, ನಾನು ಪಕ್ಕದಲ್ಲಿ ನಿಂತಿರುತ್ತೇನೆ. ಸ್ಟೇಷನ್ನಿಗೆ ಬರಬೇಡ, ಅಷ್ಟು ಹೊತ್ತಿಗೆ ಇನ್ನೂ ಕತ್ತಲಿರುತ್ತದೆ. ಬೆಳಕು ಹರಿದ ಮೇಲೆ ನಾನೇ ನಿನ್ನ ಪಿಜಿ ಹತ್ತಿರ ಬರುತ್ತೇನೆ.

ನಿನ್ನ
ಅಮ್ಮ