ಮೊದಲ ಮೆಟ್ಟಿಲು ಎಷ್ಟು ಎತ್ತರ?

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಅಂದ ಮಾತು ಇನ್ನೂ ತಲೆಯಿಂದ ಹೋಗಿಲ್ಲ. "ಅಮ್ಮಾ, ನೈರೋಬಿಯಲ್ಲಿ ಬಸ್ಸಿಗೆ ವ್ಯವಸ್ಥೆ ಅಂತಾನೇ ಇಲ್ಲ" ಅಂದೆ. ಸಾರಿಗೆ ಕೆಲಸಕ್ಕೆ ಅಂತ ನೀನು ಅಲ್ಲಿಗೆ ಹೋಗಿ ಒಂಬತ್ತು ದಿನ. ಮಟಾಟು, ಅದೇ ಅಲ್ಲಿನ ಖಾಸಗಿ ಮಿನಿಬಸ್ಸು, ಎಷ್ಟು ಸಲ ಹತ್ತಿದೆ ಅಂತ ಕೇಳಿದರೆ, ಕರೆದುಕೊಂಡು ಹೋಗಲು ಆಫೀಸಿನ ಕಾರು ಬರುತ್ತೆ ಅಂದೆ. ಆಗಲೇ ಬೈಯಬೇಕು ಅನ್ನಿಸಿತು. ದೂರದಲ್ಲಿದ್ದೀಯಲ್ಲ ಅಂತ ಸುಮ್ಮನಾದೆ. ಬಾಕಿ ಉಳಿದ ಬೈಗುಳ ಈ ಪತ್ರದಲ್ಲಿದೆ, ತಗೋ.

ವ್ಯವಸ್ಥೆ ಇದೆ ಕಣೇ. ಎಷ್ಟೋ ವರ್ಷ ಅದನ್ನು ಯಾರೂ ಬರೆದಿಟ್ಟಿರಲಿಲ್ಲ, ಅಷ್ಟೇ. ಅಲ್ಲಿ ದಿನಾ ಲಕ್ಷಾಂತರ ಜನ ಮಟಾಟು ಹಿಡಿದೇ ಕೆಲಸಕ್ಕೆ ಹೋಗುತ್ತಾರೆ, ಮನೆಗೆ ಬರುತ್ತಾರೆ. ಯಾವ ಗಾಡಿ ಎಲ್ಲಿ ನಿಲ್ಲುತ್ತದೆ, ಮಳೆ ಬಂದರೆ ಚಾರ್ಜು ಹೇಗೆ ಏರುತ್ತದೆ, ಎಲ್ಲ ಡ್ರೈವರು, ಕಂಡಕ್ಟರು, ಪ್ರಯಾಣಿಕರ ತಲೆಯಲ್ಲೇ ಇತ್ತು. ಅದನ್ನು ನಕ್ಷೆಗೆ ಇಳಿಸಿದವರಲ್ಲಿ ನೈರೋಬಿ ವಿಶ್ವವಿದ್ಯಾಲಯದ ಮಕ್ಕಳೇ ಮುಂದು. ಯೋಜನೆಯ ಹೆಸರು ಡಿಜಿಟಲ್ ಮಟಾಟುಸ್. ಅಮೆರಿಕದ ಎಂಐಟಿ, ಕೊಲಂಬಿಯಾ ವಿಶ್ವವಿದ್ಯಾಲಯದವರೂ ಜೊತೆಗಿದ್ದರು. ಮೊಬೈಲ್ ಹಿಡಿದು ಮಟಾಟು ಹತ್ತಿದರು. ಗಾಡಿ ನಿಂತಲ್ಲೆಲ್ಲ ಗುರುತು ಹಾಕಿಕೊಂಡರು. ಹೀಗೆ 130ಕ್ಕೂ ಜಾಸ್ತಿ ರೂಟು! 2014ರಲ್ಲಿ ನಕ್ಷೆ ಹೊರಬಂತು. ಮರುವರ್ಷ ಗೂಗಲ್ ಮ್ಯಾಪ್ಸ್‌ನಲ್ಲೂ ಬಂತು. ನೀನು ನೋಡುತ್ತಿರುವುದು ಅದನ್ನೇ ಇರಬೇಕು, ಕಾರಿನಲ್ಲಿ ಕೂತು.

ಹತ್ತಿದವರಿಗೆ ಮಾತ್ರ ಗೊತ್ತಾಗುವ ಸಂಗತಿಗಳಿವೆ. ನೀನು ಹೊಟ್ಟೆಯಲ್ಲಿದ್ದಾಗ ನಾನು ದಿನಾ ಬಸ್ಸಿನಲ್ಲೇ ಓಡಾಡುತ್ತಿದ್ದೆ. ಎಂಟನೇ ತಿಂಗಳಲ್ಲಿ ಬಸ್ಸು ಬಂದರೆ ನಾನು ಮೊದಲು ನೋಡುತ್ತಿದ್ದದ್ದು ಬೋರ್ಡನ್ನಲ್ಲ, ಮೆಟ್ಟಿಲನ್ನು. ಒಂದೊಂದು ಬಸ್ಸಿನದು ಒಂದೊಂದು ಎತ್ತರ. ಕಂಬಿ ಹಿಡಿದು ಕಾಲೆತ್ತುವಷ್ಟರಲ್ಲಿ ಡ್ರೈವರು ಗೇರು ಹಾಕಿರುತ್ತಿದ್ದ. ಒಬ್ಬಾಕೆ ದಿನಾ ಹಿಂದಿನಿಂದ ಸೊಂಟಕ್ಕೆ ಕೈ ಕೊಟ್ಟು ಹತ್ತಿಸುತ್ತಿದ್ದಳು. ಆಕೆಯ ಹೆಸರು ಕೇಳಿಯೇ ಇಲ್ಲ ನೋಡು, ಈಗ ಬೇಜಾರಾಗುತ್ತದೆ.

ಬ್ರೆಜಿಲ್‌ನ ಕುರಿಟಿಬಾ ಊರಿನ ಕಥೆ ನೀನೇ ಅಲ್ವಾ ಹೇಳಿದ್ದು? ಜೈಮೆ ಲೆರ್ನರ್ ಅನ್ನೋ ಆರ್ಕಿಟೆಕ್ಟ್ ಮೇಯರ್ ಆದದ್ದು, 1974ರಲ್ಲಿ ಅಲ್ಲಿ ಬಸ್ಸಿಗೇ ಅಂತ ಬೇರೆ ದಾರಿ ಆದದ್ದು. ನೀನು ಆ ದಾರಿಯನ್ನೇ ಹೊಗಳಿದೆ. ನನ್ನ ಮನಸ್ಸಿನಲ್ಲಿ ಉಳಿದದ್ದು 1991ರಲ್ಲಿ ಬಂದ, ಗಾಜಿನ ಕೊಳವೆಯಂಥ ಸ್ಟಾಪುಗಳು. ಸ್ಟಾಪಿನೊಳಗೆ ಬರುವಾಗಲೇ ಟಿಕೆಟ್ಟಿನ ದುಡ್ಡು ಕೊಟ್ಟಾಗಿರುತ್ತದೆ. ಸ್ಟಾಪಿನ ನೆಲವೂ ಬಸ್ಸಿನ ನೆಲವೂ ಒಂದೇ ಮಟ್ಟ. ಬಾಗಿಲು ತೆರೆದರೆ ನಡೆದು ಒಳಗೆ ಹೋಗುವುದು. ಹತ್ತುವ ಮಾತೇ ಇಲ್ಲ. ಅದನ್ನು ಯೋಚಿಸಿದವರ ಮನೆಯಲ್ಲಿ ಒಬ್ಬಳು ಬಸುರಿ ಇದ್ದಿರಬೇಕು ಅಂತ ನನ್ನ ಅನುಮಾನ.

ನಿಮ್ಮಪ್ಪ ಪಕ್ಕದಲ್ಲಿ ಕೂತು "ಡಿಪೋ ವಿಷಯ ಬರಿ" ಅಂತ ಪೀಡಿಸುತ್ತಿದ್ದಾರೆ. ಮೂವತ್ತು ವರ್ಷ ಬಸ್ಸಿನಡಿ ಮಲಗಿ ರಿಪೇರಿ ಮಾಡಿದವರಲ್ವಾ, ಅವರ ಕಣ್ಣು ಅಲ್ಲಿಗೇ ಹೋಗುತ್ತದೆ. ತಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲೂ 2016ರಲ್ಲಿ ಬೇರೆ ದಾರಿಯ ಬಸ್ಸು ಶುರುವಾಯಿತು. ಡಿಪೋ ಕಟ್ಟಿದ್ದು ಮಾತ್ರ ಜಂಗ್ವಾನಿ ಅನ್ನೋ ತಗ್ಗಿನಲ್ಲಿ, ಹೊಳೆಯ ನೆರೆ ನುಗ್ಗುವ ಜಾಗದಲ್ಲಿ. ಜೋರು ಮಳೆಗೆ ಬಸ್ಸುಗಳು ನಿಂತಲ್ಲೇ ನೀರಿನಲ್ಲಿ ನೆನೆದು ಕೆಟ್ಟವು. "ಆ ಕೇರಿಯ ಯಾವ ಅಜ್ಜಿಯನ್ನು ಕೇಳಿದ್ರೂ ಹೇಳ್ತಿದ್ದಳು" ಅಂತ ಅಪ್ಪನ ಸಿಟ್ಟು.

ಅವರಿಗೆ ಮೆಚ್ಚುಗೆಯಾದದ್ದು ಒಂದು ಸೈಕಲ್. 2004ರ ಸುನಾಮಿ ಆದ ಮೇಲೆ ಶ್ರೀಲಂಕಾದಲ್ಲಿ ಸೈಕಲ್ ಹಂಚಿ ಶುರುವಾದ ವರ್ಲ್ಡ್ ಬೈಸಿಕಲ್ ರಿಲೀಫ್‌ನವರು ಆಮೇಲೆ ಆಫ್ರಿಕಾದ ಹಳ್ಳಿ ದಾರಿಗಳಿಗಾಗಿ ಬಫಲೋ ಅನ್ನೋ ಸೈಕಲ್ ಮಾಡಿದರು. ಉಕ್ಕಿನದು. ಹಿಂದಿನ ಕ್ಯಾರಿಯರ್ ಮೇಲೆ 100 ಕಿಲೋ ಹೇರಬಹುದು. ಪೆಡಲನ್ನು ಹಿಂದಕ್ಕೆ ತುಳಿದರೆ ಬ್ರೇಕು. ಆ ಬ್ರೇಕಿಗೆ ವೈರೇ ಇಲ್ಲ, ಇನ್ನು ತುಂಡಾಗುವುದೆಲ್ಲಿ? ಜೊತೆಗೆ ಊರಿನವರಿಗೇ ರಿಪೇರಿ ಕಲಿಸುತ್ತಾರೆ. ಇದನ್ನು ಓದಿ ಹೇಳಿದಾಗ "ಇದನ್ನ ಮಾಡಿದವನು ಕೈಗೆ ಗ್ರೀಸ್ ಹಚ್ಚಿಕೊಂಡವನೇ" ಅಂದರು ಅಪ್ಪ. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಅವರದೊಂದು ಪ್ರಶ್ನೆಯೂ ಇದೆ. ಎರಡು ವರ್ಷಕ್ಕೆ ನೀನು ವಾಪಸ್ ಬರುತ್ತೀಯ. ನೀನು ತರಿಸಿದ ಗಾಡಿಯ ಒಂದು ಬೇರಿಂಗ್ ಮೂರನೇ ವರ್ಷ ಸವೆದರೆ ಅದು ಅಲ್ಲೇ ಸಿಗುತ್ತದಾ? ಇದಕ್ಕೆ ಉತ್ತರ ಅವರಿಗೇ ಬರಿ.

ನನಗೆ ಬೇಕಾದದ್ದು ಇಷ್ಟು. ವಾರಕ್ಕೆ ಎರಡು ದಿನವಾದರೂ ಕಾರು ಬೇಡ ಅನ್ನು. ಬೆಳಗಿನ ಹೊತ್ತು ಹೋಗು, ಚೀಲ ಮುಂದಕ್ಕೆ ಹಾಕಿಕೋ. ಕತ್ತಲಾದ ಮೇಲೆ ಅಲ್ಲಿನ ಹೆಂಗಸರು ಯಾವ ಗಾಡಿ ಹತ್ತುತ್ತಾರೆ, ಯಾವುದನ್ನು ಬಿಡುತ್ತಾರೆ, ಕೇಳಿ ತಿಳಿದುಕೋ. ನಿನ್ನ ಜೋಪಾನಕ್ಕೂ ಆಯಿತು, ಕೆಲಸಕ್ಕೂ ಆಯಿತು. ಮಟಾಟುವಿನ ಮೊದಲ ಮೆಟ್ಟಿಲು ಎಷ್ಟು ಎತ್ತರ ಅಂತ ಭಾನುವಾರ ಫೋನ್ ಮಾಡಿದಾಗ ಹೇಳು. ಗೇಣಿನಲ್ಲಿ ಹೇಳಿದರೆ ಸಾಕು. ಟೇಪು ಹಿಡಿದು ನಿಂತರೆ ಕಂಡಕ್ಟರು ನಿನ್ನನ್ನು ಬಿಟ್ಟೇ ಹೋಗುತ್ತಾನೆ.

ನಿನ್ನ
ಅಮ್ಮ